ಓದುಗರ ಪ್ರಶ್ನೆ: ಬಿಪಿಎಲ್ ಕಾರ್ಡ್ ಇದ್ದರೂ ಆಸ್ಪತ್ರೆಯಲ್ಲಿ ಹಣ ಕೇಳುವುದೇಕೆ?

‘ನಮ್ಮ ಕಾರ್ಡಿನಲ್ಲಿ 5 ಲಕ್ಷ ರೂಪಾಯಿ ಇದೆ. ಆದರೂ ಅಪ್ಪನ ಆಪರೇಷನ್‌ಗೆ ಖಾಸಗಿ ಆಸ್ಪತ್ರೆಯವರು ಹಣ ಕಟ್ಟಲು ಹೇಳಿದರು. ಇದು ನ್ಯಾಯವೇ?’ ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕವೇ ತಪ್ಪಿದೆ. ಕೇಳುವವರೆಲ್ಲ ಕಷ್ಟದಲ್ಲಿರುವವರಾದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ. ಈ ಸಲವಾದರೂ ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಕಾರ್ಡಿನಲ್ಲಿ 5 ಲಕ್ಷ ರೂಪಾಯಿ ಇಲ್ಲ. ಅದು ನಿಮ್ಮ ಹೆಸರಿನಲ್ಲಿ ಇಟ್ಟ ಠೇವಣಿಯಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಬಿಪಿಎಲ್ ಕುಟುಂಬದ ಚಿಕಿತ್ಸೆಗೆ ಒಂದು ವರ್ಷದಲ್ಲಿ ಸರ್ಕಾರ ಭರಿಸುವ ವೆಚ್ಚದ ಗರಿಷ್ಠ ಮಿತಿ. ಮನೆಯಲ್ಲಿ ಐದು ಜನರಿದ್ದರೆ ಐದೂ ಜನರಿಗೆ ಸೇರಿ ಅಷ್ಟೇ. ಈ ವರ್ಷ ಬಳಸದೆ ಉಳಿದದ್ದು ಮುಂದಿನ ವರ್ಷದ ಮಿತಿಗೆ ಸೇರುವುದಿಲ್ಲ. ಪ್ರತಿ ಚಿಕಿತ್ಸೆಗೂ ಮೊದಲೇ ನಿಗದಿಯಾದ ಪ್ಯಾಕೇಜ್ ದರವಿದ್ದು, ಅದನ್ನು ಯೋಜನೆಯನ್ನು ನಡೆಸುವ ಸರ್ಕಾರಿ ಸಂಸ್ಥೆಯಾದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಪಾವತಿಸುತ್ತದೆ.

ಇನ್ನು, ಕಾರ್ಡ್ ತೋರಿಸಿದರೆ ಯಾವ ಖಾಸಗಿ ಆಸ್ಪತ್ರೆಯಾದರೂ ಒಳಗೆ ಸೇರಿಸಿಕೊಳ್ಳಬೇಕೆಂಬ ನಂಬಿಕೆಯೂ ತಪ್ಪು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಬೇಕಾದ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದರೆ ವೈದ್ಯರು ರೆಫರಲ್ ಪತ್ರ ಕೊಡುತ್ತಾರೆ, ಆ ಪತ್ರದೊಂದಿಗೆ ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಪತ್ರ ಬೇಕಿಲ್ಲ. ಪತ್ರವಿಲ್ಲದೆ ಹೋದದ್ದರಿಂದಲೋ, ಆ ಆಸ್ಪತ್ರೆ ನೋಂದಾಯಿತವಾಗಿಲ್ಲದ್ದರಿಂದಲೋ ನಿಮ್ಮಿಂದ ಹಣ ಕೇಳಿರಬಹುದು. ಇವೆರಡೂ ಸರಿಯಿದ್ದು, ಮಂಜೂರಾದ ಚಿಕಿತ್ಸೆಗೇ ಬಿಪಿಎಲ್ ಕುಟುಂಬದಿಂದ ಹಣ ಕೇಳಿದರೆ ಅದು ಅನ್ಯಾಯ. ಹಣ ಕಟ್ಟುವ ಮೊದಲು ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗಲು ಇರುವ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ಕಾಣಿ, ಆಮೇಲೆ ದೂರು ಕೊಡಿ. ಎಪಿಎಲ್ ಕುಟುಂಬಗಳಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿಯವರೆಗೆ.

ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದು ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಕಾರ್ಡ್ ಒಂದೇ ಆದರೂ ಬೆಂಗಳೂರಿನ ಕೊಳೆಗೇರಿಯ ಕುಟುಂಬಕ್ಕೂ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಕಾಡಂಚಿನ ಕುಟುಂಬಕ್ಕೂ ಅದರಿಂದ ಸಿಗುವುದು ಒಂದೇ ಆಗಿದೆಯೇ? ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ಹೃದಯದ ತೊಂದರೆಗೋ ತಲೆಗೆ ಬಿದ್ದ ಪೆಟ್ಟಿಗೋ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಹೋಗುವುದು ಅಲ್ಲಿ ವಾಡಿಕೆ. ಆಪರೇಷನ್‌ನ ವೆಚ್ಚವನ್ನು ಟ್ರಸ್ಟ್ ಕೊಟ್ಟರೂ, ಜೊತೆಗೆ ಹೋದ ಮಗನ ವಾರದ ಕೂಲಿಯನ್ನಾಗಲಿ, ಅವನ ಊಟ ಮತ್ತು ತಂಗುವ ಖರ್ಚನ್ನಾಗಲಿ ಯಾವ ಪ್ಯಾಕೇಜೂ ತುಂಬಿಕೊಡುವುದಿಲ್ಲ. ರೆಫರಲ್ ಪತ್ರಕ್ಕಾಗಿ ತಾಲ್ಲೂಕು ಆಸ್ಪತ್ರೆಗೆ ಹೋದ ದಿನ ತಜ್ಞ ವೈದ್ಯರು ಸಿಗದಿದ್ದರೆ ಇನ್ನೊಂದು ದಿನದ ಕೂಲಿ ಹೋಯಿತು. ಹೀಗೆ ಎರಡು ಸಲ ಬರಿಗೈಯಲ್ಲಿ ಹಿಂದಿರುಗಿದವರು ಮೂರನೆಯ ಸಲ ಸಾಲ ಮಾಡಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ಪತ್ರವಿಲ್ಲವೆಂದು ಪೂರ್ತಿ ಹಣ ಕಟ್ಟುತ್ತಾರೆ.