ರಸ್ತೆಯ ಏರಿಗೆ ಕಲ್ಲಿದ್ದಲು ಬೂದಿ: ಮಳೆಗೆ ಕೊಚ್ಚಿ ಹೋಗಲ್ವಾ?

ಪ್ರಶ್ನೆ: ನಮ್ಮೂರು ಅಣ್ಣಿಗೇರಿ ಹತ್ತಿರ, ಎಲ್ಲಾ ಎರೆ ಭೂಮಿ. ಮೇಲ್ಸೇತುವೆಗೆ ಏರುವ ರಸ್ತೆಗೆ ಮಣ್ಣಿನ ಬದಲು ಕಲ್ಲಿದ್ದಲು ಬೂದಿ ತುಂಬಬಹುದು ಅಂತಾರೆ. ಬೂದಿ ಮಳೆಗೆ ನಿಲ್ಲುತ್ತಾ?

ಸುಮ್ನೆ ಸುರಿದು ಬಿಟ್ಟರೆ ನಿಲ್ಲುವುದಿಲ್ಲ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮಣ್ಣಿನ ಹೊದಿಕೆಯೊಳಗೆ ಕೂಡಿಹಾಕಿ, ನೀರು ಹಾಕಿ, ರೋಲರ್ ಹೊಡೆದರೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಈ ಬೂದಿಯನ್ನು ಕೈಯಲ್ಲಿ ಹಿಡಿದರೆ ಜೋಳದ ಹಿಟ್ಟಿಗಿಂತ ನುಣುಪು. ಬೆರಳ ಸಂದಿಯಿಂದ ಜಾರಿ ಹೋಗುತ್ತದೆ. ಸ್ವಲ್ಪ ನೀರು ಚಿಮುಕಿಸಿ ಒತ್ತಿದರೆ ಉಂಡೆ ಕಟ್ಟುತ್ತದೆ, ಒಣಗಿದ ಮೇಲೆ ಬೆರಳು ತಾಗಿಸಿದರೆ ಮತ್ತೆ ಪುಡಿ. ಅಂಟು ಇಲ್ಲದ್ದೇ ಅದರ ದೋಷ. ನಮ್ಮ ಎರೆ ಮಣ್ಣಿನದು ಬೇರೆಯೇ ಗುಣ. ಮಳೆಗೆ ಉಬ್ಬುತ್ತದೆ, ಚಪ್ಪಲಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆಅಲೆಯಾಗಿ ಏಳುವುದು ಇದೇ ಕಾರಣಕ್ಕೆ.

ಕಟ್ಟುವಾಗ ಬೂದಿಯನ್ನು ಒಮ್ಮೆಲೇ ಸುರಿಯುವುದಿಲ್ಲ. ಗೇಣು, ಒಂದೂವರೆ ಗೇಣಿನ ಪದರ ಹರಡಿ, ನೀರು ಹಾಕಿ, ವೈಬ್ರೇಟರ್ ರೋಲರ್ ಓಡಿಸುತ್ತಾರೆ. ಎರಡೂ ಬದಿಗೆ ಒಳ್ಳೆ ಮಣ್ಣಿನ ಹೊದಿಕೆ, ಸಾಮಾನ್ಯವಾಗಿ 1ರಿಂದ 3 ಮೀಟರ್ ಅಗಲ. ಈ ಹೊದಿಕೆ ಬೂದಿಯ ಜೊತೆಜೊತೆಗೇ ಮೇಲೇಳಬೇಕು. ಬೂದಿ ಎಲ್ಲಾ ಮುಗಿದ ಮೇಲೆ ಬದಿಗೆ ಮಣ್ಣು ಮೆತ್ತಿದರೆ ಅದು ಕೂಡಿಕೊಳ್ಳುವುದೇ ಇಲ್ಲ. ಏರಿ ಎತ್ತರವಾದರೆ ನಡುನಡುವೆಯೂ ಮಣ್ಣಿನ ಪದರ ಬೇಕು. ದೆಹಲಿಯಲ್ಲಿ ಯಮುನೆಯ ನೆರೆ ಬಯಲಲ್ಲೇ, ನಿಜಾಮುದ್ದೀನ್ ಸೇತುವೆಗೆ ಏರುವ ರಸ್ತೆಯನ್ನು 1990ರ ದಶಕದಲ್ಲಿ ಹೀಗೆ ಬೂದಿ ತುಂಬಿ ಕಟ್ಟಿದರು.

ಬೂದಿ ಮಣ್ಣಿಗಿಂತ ಹಗುರ. ಕೆಳಗಿನ ನೆಲ ಮೆತ್ತಗಿದ್ದಲ್ಲಿ ಇದು ದೊಡ್ಡ ಅನುಕೂಲ, ಏರಿ ಕುಸಿಯುವುದು ಕಡಿಮೆ. ಇನ್ನೊಂದು ಲಾಭ ನನಗೆ ಅದಕ್ಕಿಂತ ಮುಖ್ಯ ಅನಿಸುತ್ತದೆ: ಏರಿಗಾಗಿ ಗುಡ್ಡದ ಗರಸು, ಹೊಲದ ಮೇಲ್ಮಣ್ಣು ಅಗೆಯುವುದು ತಪ್ಪುತ್ತದೆ. ಎರೆ ಮಣ್ಣಿಗೇ ಸುಣ್ಣ ಮತ್ತು ಬೂದಿ ಬೆರೆಸಿದರೆ ಅದರ ಉಬ್ಬುವ ಚಾಳಿಯೂ ತಗ್ಗುತ್ತದೆ. ಬೂದಿಯಲ್ಲಿರುವ ಸಿಲಿಕಾ ನೀರಿನ ಜೊತೆ ಸುಣ್ಣಕ್ಕೆ ಸೇರಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ನಮ್ಮ ದೇಶದ ಬೂದಿಯಲ್ಲಿ ಸುಣ್ಣದ ಅಂಶ ಕಡಿಮೆ, ಹಾಗಾಗಿ ಹೊರಗಿನಿಂದ ಹಾಕಲೇಬೇಕು.

ಬೂದಿಗೇನೂ ಬರವಿಲ್ಲ. ನಮ್ಮ ಕಲ್ಲಿದ್ದಲು ನೂರು ಕೆ.ಜಿ. ಸುಟ್ಟರೆ 30-40 ಕೆ.ಜಿ. ಬೂದಿಯೇ ಉಳಿಯುತ್ತದೆ. ಬಳ್ಳಾರಿಯ ಕುಡತಿನಿ, ವಿಜಯಪುರ ಜಿಲ್ಲೆಯ ಕೂಡಗಿ, ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಈ ಎರಡೂ ಸ್ಥಾವರ ನಮಗೆ ದೂರವಲ್ಲ. ಸ್ಥಾವರದಿಂದ 300 ಕಿ.ಮೀ. ಒಳಗಿನ ರಸ್ತೆ ಕೆಲಸಕ್ಕೆ ಬೂದಿ ಬಳಸಬೇಕು ಎಂದು ಕೇಂದ್ರ ಸರ್ಕಾರ 2021ರ ಡಿಸೆಂಬರ್ 31ರ ಅಧಿಸೂಚನೆಯಲ್ಲಿ ಹೇಳಿದೆ.

ಭಯ ಪಡಬೇಕಾದ್ದು ಎರಡಕ್ಕೆ. ಒಂದು, ಧೂಳು. ತಾಡಪತ್ರಿ ಹೊದಿಸದ ಟಿಪ್ಪರ್ ಊರೊಳಗೆ ಬಂದರೆ ತಡೆದು ಕೇಳಿ, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಎರಡು, ನೀರು. ಬೂದಿಯಲ್ಲಿ ಆರ್ಸೆನಿಕ್, ಕ್ರೋಮಿಯಂ ಚೂರುಪಾರು ಇರುತ್ತವೆ. ಕೆರೆ, ಬಾವಿಯ ಪಕ್ಕ ಅಥವಾ ನೀರು ನಿಲ್ಲುವ ತಗ್ಗಿನಲ್ಲಿ ಬೂದಿ ಬೇಡವೇ ಬೇಡ.

ಮುಂಗಾರಿನ ಮೊದಲ ದೊಡ್ಡ ಮಳೆ ಆದ ಮರುದಿನ ಏರಿಯ ಇಳಿಜಾರು ನೋಡಿ ಬನ್ನಿ. ಹುಲ್ಲಿನ ಮೇಲೆ ಬೂದು ಬಣ್ಣದ ಗೆರೆ ಇಳಿದಿದ್ದರೆ ಹೊದಿಕೆ ಒಡೆದಿದೆ ಅಂತಲೇ ಅರ್ಥ. ಅವತ್ತೇ ಫೋಟೋ ತೆಗೆದು ಎಂಜಿನಿಯರ್‌ಗೆ ತೋರಿಸಿ. ಬೆರಳಗಲದ ಕೊರಕಲು ಮುಂದಿನ ಮಳೆಗೆ ಮೊಣಕಾಲುದ್ದ ಆಗಿರುತ್ತದೆ.