ಕ್ಲೀನ್ ಮಾಡ್ಸೀನ್ರಿ ಅಂದ್ರ ಏನು ಮಾಡ್ಸೀರಿ?

ನಾನು ಸಿಂಧನೂರಿಗೆ ಬಂದ ಹೊಸದ್ರಾಗ ಒಬ್ಬ ಹುಡುಗ ಸೊಂಟನೋವು ಅಂತ ಬಂದಿದ್ದ. ಏನ್ ಕೆಲಸ ಮಾಡ್ತಿಯಪ್ಪ ಅಂದೆ, ಕ್ಲೀನರ್ ಅಂದ. ಕಸ ಗುಡಿಸೋದು ನೆಲ ಒರಸೋದು ಇರಬೇಕು ಅನ್ಕೊಂಡು ಉದ್ದನ ಕಟ್ಟಿಗಿ ಇರೋ ಕಸಬರಿಗಿ ತಗೋ, ಸೊಂಟ ಬಗ್ಗಿಸಬ್ಯಾಡ, ಮೊಣಕಾಲು ಬಗ್ಗಿಸು ಅಂತ ಹತ್ತು ನಿಮಿಷ ಪಾಠ ಮಾಡ್ದೆ, ಅಂವ ಎಲ್ಲಾ ಕೇಳ್ಕೊಂಡು ಕಡೀಗೆ ‘ಮೇಡಂ ನಾ ಲಾರಿ ಕ್ಲೀನರ್ ರೀ, ಗಂಗಾವತಿ ರೈಸ್‌ಮಿಲ್ಲಿಂದ ಅಕ್ಕಿ ಲೋಡ್ ಒಯ್ತೀವಿ’ ಅಂದ. ಟೈರ್ ಬದಲಿಸೋದು, ತಾಡಪತ್ರಿಗೆ ಹಗ್ಗ ಬಿಗಿಯೋದು, ರಿವರ್ಸ್ ಹಾಕೋವಾಗ ಹಿಂದ ನಿಂತು ಬರ್ಲಿ ಬರ್ಲಿ ಅನ್ನೋದು ಅವನ ಕೆಲಸ. ಮತ್ತ ಲಾರಿ ತೊಳಿಯೋದು ಯಾವಾಗಪ್ಪ ಅಂದ್ರ ‘ಮಾನೌಮಿಗಷ್ಟೇ ರೀ’!

ಅವತ್ತು ನಕ್ಕು ಬಿಟ್ಟೆ, ಆದ್ರ ಆಮೇಲೆ ಇಷ್ಟು ವರ್ಷದಾಗ ಈ ಕ್ಲೀನ್ ಅನ್ನೋ ಶಬ್ದ ನನಗ ಕೊಟ್ಟಷ್ಟು ತಾಪತ್ರಯ ಯಾವ ಲ್ಯಾಟಿನ್ ಶಬ್ದಾನೂ ಕೊಟ್ಟಿಲ್ಲ. ನಮ್ಮ ಭಾಷೆಯೊಳಗ ನೋಡ್ರಿ, ಬಟ್ಟಿ ಒಗಿತೀವಿ, ಭಾಂಡೆ ತಿಕ್ತೀವಿ, ಜೋಳ ಹಸನ ಮಾಡ್ತೀವಿ, ಅಂಗಳ ಸಾರಸ್ತೀವಿ, ಮಾರಿ ತೊಳಕೋತೀವಿ, ಬಾವಿ ಹೂಳು ತೆಗಿತೀವಿ. ಯಾರೂ ಬಟ್ಟಿ ಹಸನ ಮಾಡಿದೆ ಅನ್ನಲ್ಲ, ಜೋಳ ಒಗದೆ ಅನ್ನಲ್ಲ. ಒಂದೊಂದು ವಸ್ತುವಿಗೆ ಒಂದೊಂದು ಕ್ರಿಯಾಪದ ಇಟ್ಕೊಂಡ ಮಂದಿ ನಾವು, ಆದ್ರ ದವಾಖಾನಿ ಮೆಟ್ಲು ಹತ್ತಿದ ಕೂಡ್ಲೇ ಎಲ್ಲಾದಕ್ಕೂ ಒಂದೇ ಶಬ್ದ. ಹಲ್ಲು ಕ್ಲೀನ್, ಕಿವಿ ಕ್ಲೀನ್, ಹೊಟ್ಟಿ ಕ್ಲೀನ್, ರಕ್ತ ಕ್ಲೀನ್, ಗಾಯ ಕ್ಲೀನ್, ರಿಪೋರ್ಟ್ ಕ್ಲೀನ್, ಮತ್ತ ದನಿ ತಗ್ಗಿಸಿ ಹೇಳೋ ಇನ್ನೊಂದು ಕ್ಲೀನ್. ಇಂಗ್ಲಿಷಿನ ಈ ಶಬ್ದ ಮತ್ತ ಜರ್ಮನ್ ಭಾಷೆಯ ‘ಕ್ಲೈನ್’ ಒಂದೇ ಬೇರಿನವು ಅಂತ, ಜರ್ಮನ್ನಾಗ ಅದಕ್ಕ ಸಣ್ಣದು ಅಂತ ಅರ್ಥ. ಅಲ್ಲಿ ಸಣ್ಣದಾಗಿದ್ದು ನಮ್ಮ ಕಡೆ ಬಂದು ಇಷ್ಟು ಹಿಗ್ಗೈತಿ.

ದನಿ ತಗ್ಗಿಸಿ ಹೇಳೋದ್ರಿಂದಾನೇ ಶುರು ಮಾಡ್ತೀನಿ, ಯಾಕಂದ್ರ ಹೆಚ್ಚು ಹಾನಿ ಆಗೋದು ಅಲ್ಲೇ.

ಒಬ್ಬಾಕಿ ಇಪ್ಪತ್ತೆರಡು ವರ್ಷದ ಹುಡುಗಿ, ಐದು ತಿಂಗಳ ಬಸುರಿ, ಅತ್ತಿ ಜೋಡಿ ಬಂದಿದ್ಲು. ಎಷ್ಟನೇದು ಅಂತ ಕೇಳಿದ್ರ ಅತ್ತಿನೇ ‘ಮೊದ್ಲದು ರೀ’ ಅಂದ್ಲು. ಹುಡುಗಿ ತಲಿ ತಗ್ಗಿಸಿ ಸೆರಗಿನ ತುದಿ ಬೆರಳಿಗೆ ಸುತ್ಕೋತ ಕೂತಿತ್ತು. ಬ್ಲಡ್ ಗ್ರೂಪ್ ನೋಡಿದೆ, ಎ ನೆಗೆಟಿವ್. ಪರೀಕ್ಷೆ ಮಾಡಬೇಕು ಅಂತ ಒಳಗ ಕರಕೊಂಡು ಪರದೆ ಎಳದು ‘ಇದಕ್ಕಿಂತ ಮೊದ್ಲು ಯಾವಾಗರ ದಿನ ನಿಂತಿದ್ವೇನವ್ವ’ ಅಂದೆ. ‘ಒಮ್ಮೆ ನಾಕು ತಿಂಗಳಾದ್ ಮ್ಯಾಲ ಕ್ಲೀನ್ ಮಾಡಿಸ್ಯಾರ ರೀ.’ ಹಂಗಾದ್ರ ಇದು ಎರಡನೇದಲ್ಲೇನು ಅಂದ್ರ ‘ಅದು ಬಸುರಲ್ರಿ, ಕ್ಲೀನ್ ಮಾಡಿದ್ದು’ ಅಂತ ಹೇಳ್ತು. ಸುಳ್ಳು ಹೇಳಲಿಲ್ಲ ಆ ಹುಡುಗಿ. ಅದರ ಲೆಕ್ಕದಾಗ ಬಸುರು ಅಂದ್ರ ಕೂಸು ಕೈಗೆ ಬರೋದು, ಉಳಿದಿದ್ದೆಲ್ಲಾ ಕ್ಲೀನ್.

ತಾಯಿ ರಕ್ತ ನೆಗೆಟಿವ್ ಇದ್ದು ಹೊಟ್ಟಿಯೊಳಗಿನ ಕೂಸಿಂದು ಪಾಸಿಟಿವ್ ಇದ್ರ, ಹೆರಿಗಿ ಹೊತ್ತಿನಾಗ ಇಲ್ಲಾ ಗರ್ಭ ಇಳಿಯೋ ಹೊತ್ತಿನಾಗ ಕೂಸಿನ ರಕ್ತ ಒಂಚೂರು ತಾಯಿ ಮೈಯಾಗ ಸೇರ್ತೈತಿ, ತಾಯಿ ಮೈ ಅದನ್ನ ವೈರಿ ಅಂತ ಗುರುತು ಹಿಡದು ಮುಂದಿನ ಸಲ ಬರೋ ಕೂಸಿನ ರಕ್ತದ ಮ್ಯಾಲ ಏರಿ ಹೋಗ್ತೈತಿ. ತಡೆಯಾಕ ಆಂಟಿ-ಡಿ ಅಂತ ಒಂದು ಇಂಜೆಕ್ಷನ್ ಐತಿ, 72 ತಾಸಿನೊಳಗ ಹಾಕಬೇಕು. ಆ ಹುಡುಗಿಗೆ ಯಾರೂ ಹಾಕಿದ್ದಿಲ್ಲ, ಗ್ರೂಪೂ ಯಾರೂ ನೋಡಿದಂಗ ಕಾಣಲಿಲ್ಲ, ಕೈಯಾಗ ಚೀಟಿನೂ ಇದ್ದಿಲ್ಲ. ಕೂಂಬ್ಸ್ ಅನ್ನೋ ರಕ್ತಪರೀಕ್ಷೆ ಮಾಡಿಸ್ದೆ, ಪಾಸಿಟಿವ್ ಬಂತು, ಅಂದ್ರ ತಾಯಿ ಮೈ ಆಗ್ಲೇ ವೈರಿ ಅಂತ ಗುರುತು ಹಿಡದು ಆಗೈತಿ, ಇನ್ನ ಆಂಟಿ-ಡಿ ಹಾಕಿ ಪ್ರಯೋಜನ ಇಲ್ಲ, ಬಸ್ಸು ಹೋಗಿ ಆತು. ಆಮೇಲೆ ರಾಯಚೂರಿಗೆ ಕಳಿಸಿ, ವಾರ ವಾರ ಸ್ಕ್ಯಾನ್ ಮಾಡಿಸಿ, ಕೂಸು ಹುಟ್ಟಿದ ಮರುದಿನಾನೇ ಕಾಮಾಲಿ ಏರಿ ನೀಲಿ ಲೈಟಿನ ಕೆಳಗ ಐದು ದಿನ ಇಟ್ಟಿದ್ರು. ಕೂಸು ಈಗ ಗಟ್ಟಿಮುಟ್ಟ ಐತಿ, ಮೊನ್ನೆ ನನ್ನ ಸ್ಟೆತಸ್ಕೋಪ್ ಕಿತ್ಕೊಳ್ಳಾಕ ಬಂದಿತ್ತು. ಅತ್ತಿಗೆ ಪರದೆ ಹಿಂದಿನ ಮಾತು ನಾನಾಗೇ ಹೇಳಲಿಲ್ಲ, ಗರ್ಭಪಾತ ಮಾಡಿಸ್ಕೊಂಡಾಕಿ ಗುಟ್ಟು ಕಾಯಬೇಕು ಅಂತ 1971ರ ಕಾನೂನೇ ಹೇಳ್ತೈತಿ, ಕಾನೂನು ಇಲ್ಲದಿದ್ರೂ ಹೇಳ್ತಿದ್ದಿಲ್ಲ.

ಇದೊಂದು ಶಬ್ದದ ಒಳಗ ಎಷ್ಟು ಸಂಗತಿ ತುಂಬ್ಯಾವ ಅಂದ್ರ, ಗರ್ಭ ತಾನಾಗೇ ಇಳದು ಒಳಗ ಚೂರುಪಾರು ಉಳದಿದ್ದು ತೆಗದಿದ್ರೂ ಕ್ಲೀನ್, ಬ್ಯಾಡ ಅಂತ ತೆಗಿಸಿದ್ರೂ ಕ್ಲೀನ್, ಹೆರಿಗಿ ಆದಮ್ಯಾಲ ಮಾಸು ಪೂರ್ತಿ ಬೀಳದೇ ಕೈ ಹಾಕಿ ತೆಗದಿದ್ರೂ ಕ್ಲೀನ್. ದ್ರಾಕ್ಷಿಗೊಂಚಲಿನಂಗ ಬೆಳಿಯೋ ಮುತ್ತಿನ ಗರ್ಭ ಅಂತ ಒಂದಿರ್ತೈತಿ, ಅದನ್ನ ತೆಗದ್ರೂ ಕ್ಲೀನ್, ಆದ್ರ ಅದಾದಮ್ಯಾಲ ತಿಂಗಳುಗಟ್ಲೆ ರಕ್ತಪರೀಕ್ಷೆ ಮಾಡಿಸ್ತಾ ಇರಬೇಕು, ಕ್ಲೀನ್ ಆತಲ್ಲ ಅಂತ ಮನಿಗೆ ಹೋಗಿ ಕುಂತ್ರ ಅದು ಕ್ಯಾನ್ಸರ್ ಆಗಿ ತಿರಗೋದೂ ಉಂಟು.

ಇನ್ನೊಂದು ಕ್ಲೀನ್ ಐತಿ, ಅದು ಕ್ಲೀನೇ ಅಲ್ಲ. ಜೋಳಿಗೆಯಷ್ಟು ದೊಡ್ಡ ಪ್ಲಾಸ್ಟಿಕ್ ಚೀಲದ ತುಂಬ ಹಳೇ ಚೀಟಿ ಹಿಡ್ಕೊಂಡು ಒಬ್ಬಾಕಿ ಬಂದಿದ್ಲು, ನಲವತ್ತಾರು ವರ್ಷ, ಹತ್ತಿ ಬಿಡಿಸೋ ಕೂಲಿ ಕೆಲಸ. ಎರಡು ವರ್ಷದ ಹಿಂದ ಮುಟ್ಟು ನಿಲ್ಲದೇ ಹೊಂಟಿತ್ತು, ಒಂದು ಕಡೆ ಹೋಗಿ ಕ್ಲೀನ್ ಮಾಡ್ಸೀನಿ, ಈಗ ಮತ್ತ ಶುರು ಆಗೈತಿ, ಇನ್ನೊಮ್ಮೆ ಕ್ಲೀನ್ ಮಾಡಿ ಬಿಡ್ರಿ ಅಂದ್ಲು. ಚೀಲ ಮಂಚದ ಮ್ಯಾಲ ಸುರುವಿ ಹುಡಿಕಿದೆ. ಕಿರಾಣಿ ಲೆಕ್ಕದ ಚೀಟಿ, ಮಗಳ ಟಿಸಿ ಝೆರಾಕ್ಸ್, ನಡುವ ಒಂದು ಮಡಚಿದ ಹಳದಿ ಹಾಳಿ, ಲ್ಯಾಬಿನ ರಸೀದಿ. ಅಂದ್ರ ಅವತ್ತು ಮಾಡಿದ್ದು ಗರ್ಭಚೀಲದ ಒಳಪದರ ಕೆರದು ತುಂಡು ಕಳಿಸಿ ಕ್ಯಾನ್ಸರ್ ಐತೇನು ಅಂತ ನೋಡೋ ಪರೀಕ್ಷೆ. ಆ ರಿಪೋರ್ಟ್ ಯಾರೂ ಹೋಗಿ ತಂದೇ ಇಲ್ಲ! ಕಸ ತೆಗದ್ರು ಅಂತ ತಿಳ್ಕೊಂಡಾಕಿ ಕಸದ ರಿಪೋರ್ಟ್ ಕೇಳಾಕ ಯಾಕ ಹೋಗ್ತಾಳ ಹೇಳ್ರಿ. ಇದರಾಗ ಆಕಿ ತಪ್ಪೇನೂ ಇಲ್ಲ, ಪರೀಕ್ಷೆ ಮಾಡೀವಿ ಅಂತ ಹೇಳೋ ಬದ್ಲಿ ಕ್ಲೀನ್ ಮಾಡೀವಿ ಅಂದಿದ್ದು ನಮ್ಮವರೇ. ಮುಟ್ಟಿನ ರಕ್ತ ಹೊಲಸು ಅನ್ನೋ ನಂಬಿಕಿ ಮೊದಲೇ ಇರೋ ಊರಾಗ ಗರ್ಭಚೀಲ ಅಂದ್ರ ಆಗಾಗ ತೊಳಿಯೋ ಕೊಡ ಅನ್ಕೋತಾರ, ಅದಕ್ಕ ನಾವೂ ನೀರು ಹಾಕ್ತೀವಿ. ಆಕಿ ಹೊಸದಾಗಿ ಪರೀಕ್ಷೆ ಮಾಡಿಸ್ಕೊಂಡ್ಲು, ಕ್ಯಾನ್ಸರ್ ಇದ್ದಿಲ್ಲ, ಔಷಧಿಗೇ ಹಿಡಿತಕ್ಕ ಬಂತು.

ಹಂಗಂತ ಈ ಶಬ್ದ ಬಳಸಬ್ಯಾಡ್ರಿ ಅಂತ ಹೆಣ್ಮಕ್ಕಳಿಗೆ ನಾನು ಹೇಳಲ್ಲ. ತೆಗಿಸಿದೆ ಅಂತ ಬಾಯಿಬಿಟ್ಟು ಹೇಳೋದು ಎಷ್ಟು ಭಾರ ಅಂತ ಗೊತ್ತೈತಿ, ಕ್ಲೀನ್ ಅನ್ನೋದು ಅವರಿಗೆ ಸೆರಗು ಇದ್ದಂಗ. ಸೆರಗಿನ ಹಿಂದ ಏನೈತಿ ಅಂತ ಕೇಳೋದು ಡಾಕ್ಟರ ಕೆಲಸ, ಅದೂ ಅತ್ತಿ ಗಂಡ ಹೊರಗ ಇದ್ದಾಗ. ಎಷ್ಟು ತಿಂಗಳಿತ್ತು, ಗುಳಿಗಿ ಕೊಟ್ರೋ ಮಶೀನ್ ಹಾಕಿದ್ರೋ, ಆಮೇಲೆ ಜ್ವರ ಬಂತೇನು, ಸೊಂಟಕ್ಕ ಇಲ್ಲಾ ತೋಳಿಗೆ ಇಂಜೆಕ್ಷನ್ ಹಾಕಿದ್ರೇನು, ತುಂಡು ಲ್ಯಾಬಿಗೆ ಕಳಿಸಿದ್ರೇನು. ಇನ್ನೊಂದು, ಚಮಚದಂಥ ಕಬ್ಬಿಣ ಹಾಕಿ ಕೆರಿಯೋ ಹಳೇ ಪದ್ಧತಿ ಬಿಟ್ಟು ಹೀರೋ ಮಶೀನ್ ಇಲ್ಲಾ ಗುಳಿಗಿ ಬಳಸ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಎಷ್ಟೋ ವರ್ಷ ಆತು, ಭಾಳ ಕೆರದ್ರ ಒಳಗ ಗಾಯ ಆಗಿ ಪದರ ಅಂಟ್ಕೊಂಡು ಮುಂದ ಮಕ್ಕಳಾಗೋದೇ ಕಷ್ಟ ಆಗಬಹುದು.

ರಕ್ತ ಕ್ಲೀನ್ ಮಾಡೋದು ಅಂದ್ರ ಡಯಾಲಿಸಿಸ್. ಒಬ್ಬ ಗೌಡ್ರು, ಶುಗರಿನಿಂದ ಕಿಡ್ನಿ ಹೋಗಿತ್ತು, ಮೂರು ವಾರ ಮಾಡಿಸ್ಕೊಂಡ್ರು, ಬಾವು ಇಳೀತು, ಊಟ ಸೇರಾಕ ಹತ್ತಿತು, ಬಿಟ್ಟು ಬಿಟ್ರು. ‘ಕ್ಲೀನ್ ಆತಲ್ರಿ ಮೇಡಂ, ಇನ್ನೇನು!’ ಹತ್ತನೇ ದಿನಕ್ಕ ಉಸಿರು ಕಟ್ಕೊಂಡು ರಾತ್ರಿ ಎರಡಕ್ಕ ಬಂದ್ರು. ಅವರಿಗೆ ತಿಳಿಹೇಳೋವಾಗ ಕಾಲುವಿ ಲೆಕ್ಕ ಹೇಳ್ದೆ, ಇದು ಎಡದಂಡಿ ಕಾಲುವಿ ಹೂಳು ತೆಗದಂಗ ವರ್ಷಕ್ಕೊಮ್ಮೆ ಮಾಡೋದಲ್ಲ ಗೌಡ್ರ, ಮನಿ ಕಸ ಗುಡಿಸಿದಂಗ, ಬೆಳಿಗ್ಗೆ ಗುಡಿಸಿದ್ರ ಸಂಜಿಗೆ ಮತ್ತ ಬೀಳ್ತೈತಿ. ಛಲೋ ಕಿಡ್ನಿ ದಿನಕ್ಕ ಸುಮಾರು 180 ಲೀಟರ್ ಸೋಸ್ತಾವ, ಹಗಲು ರಾತ್ರಿ ಬಿಡುವಿಲ್ಲದೇ. ಮಶೀನ್ ಆ ಕೆಲಸನ್ನ ವಾರಕ್ಕ 3 ಸಲ, ಸಲಕ್ಕ 4 ತಾಸಿನಾಗ ಹೆಂಗೋ ಅಷ್ಟಿಷ್ಟು ಮಾಡ್ತೈತಿ. ಹಿಂಗ ಹೇಳಿದ ಮ್ಯಾಲ ಅವರು ತಪ್ಪಿಸಲಿಲ್ಲ. ಇನ್ನ ಸಂತ್ಯಾಗ ಮಾರೋ ರಕ್ತ ಶುದ್ಧಿ ಟಾನಿಕ್ಕಿಗೂ ಇದಕ್ಕೂ ಸಂಬಂಧ ಇಲ್ಲ, ರಕ್ತ ಸೋಸೋ ಕೆಲಸಕ್ಕ ಕಿಡ್ನಿ ಲಿವರ್ ಸಂಬಳ ಇಲ್ಲದೇ ದುಡಿತಾವ, ಬಾಟ್ಲಿ ಬೇಕಿಲ್ಲ.

ಹೊಟ್ಟಿ ಕ್ಲೀನ್ ಅನ್ನೋದು ಎರಡು. ‘ನಾಕು ದಿನ ಆತು ಹೊಟ್ಟಿ ಕ್ಲೀನ್ ಆಗಿಲ್ಲ’ ಅಂದ್ರ ಸಂಡಾಸ ಆಗಿಲ್ಲ ಅಂತ, ಅದು ಸುಲಭ. ‘ಹೊಟ್ಟಿ ಕ್ಲೀನ್ ಮಾಡ್ರಿ, ಜಲ್ದಿ’ ಅಂತ ನಾಕು ಮಂದಿ ಎತ್ಕೊಂಡು ಬಂದ್ರ ವಿಷ, ಪೈಪ್ ಹಾಕಿ ತೊಳಿಯೋದು. ಇಲ್ಲಿ ಇನ್ನೊಂದು ಶಬ್ದದ ಫಜೀತಿ ಸೇರ್ಕೋತೈತಿ, ‘ಎಣ್ಣಿ ಹೋಗೈತಿ’ ಅಂತಾರ. ನಮ್ಮಲ್ಲಿ ಎಣ್ಣಿ ಅಂದ್ರ ಅಡಗಿ ಎಣ್ಣಿ, ಬಾರಿನ ಎಣ್ಣಿ, ಭತ್ತಕ್ಕ ಹತ್ತಿಗೆ ಹೊಡಿಯೋ ಎಣ್ಣಿ, ಚಿಮಣಿ ಎಣ್ಣಿ, ಎಲ್ಲಾ ಎಣ್ಣಿನೇ. ಹುಡುಗ ಕೂಲ್‌ಡ್ರಿಂಕ್ ಬಾಟ್ಲಿಯಾಗ ಇಟ್ಟಿದ್ದು ಕುಡದಾನ ಅಂತ ಓಡಿ ಬಂದವರು ಹೊಟ್ಟಿ ಯಾಕ ತೊಳಿವಲ್ರಿ ಅಂತ ನನ್ನ ಮ್ಯಾಲ ಜಗಳಕ್ಕ ನಿಂತಿದ್ರು, ಆದ್ರ ಅದು ಚಿಮಣಿ ಎಣ್ಣಿ. ಚಿಮಣಿ ಎಣ್ಣಿ ಕುಡದವರಿಗೆ ಹೊಟ್ಟಿ ತೊಳಿಯಾಕ ಹೋಗಬಾರದು, ವಾಂತಿನೂ ಮಾಡಿಸಬಾರದು, ಮ್ಯಾಲ ಬರೋವಾಗ ಅದು ಪುಪ್ಪುಸಕ್ಕ ಇಳದು ನ್ಯುಮೋನಿಯಾ ಮಾಡ್ತೈತಿ. ಆಸಿಡ್, ಬಾತ್‌ರೂಮ್ ತೊಳಿಯೋ ಲಿಕ್ವಿಡ್ ಆದ್ರೂ ಅಷ್ಟೇ. ಉಪ್ಪುನೀರು ಸಬಕಾರದ ನೀರು ಕುಡಿಸೋದಂತೂ ಯಾವ ವಿಷಕ್ಕೂ ಬ್ಯಾಡ, ವಿಷದ ಡಬ್ಬಿ ಜೋಡಿ ತಗೊಂಡು ಓಡಿ ಬರ್ರಿ. ಹೊಟ್ಟಿ ತೊಳಿಯೋದು ಉಪಯೋಗಕ್ಕ ಬರೋದು ಸಾಮಾನ್ಯವಾಗಿ ಮೊದಲ ಒಂದು ತಾಸಿನೊಳಗ, ಅದೂ ಎಲ್ಲಾ ವಿಷಕ್ಕಲ್ಲ.

ತಮಾಷಿ ಅಂದ್ರ ಖರೇನೇ ತೊಳಿಬೇಕಾದ್ದನ್ನ ಯಾರೂ ತೊಳಿಯಲ್ಲ. ಹೊಲದಾಗ ಎಣ್ಣಿ ಹೊಡಿಯೋವಾಗ ಪಂಪು ಸೋರಿ ಬೆನ್ನೆಲ್ಲಾ ತೊಯ್ದು, ಬೆವರು ಕಿತ್ತು, ಬಾಯಾಗ ಜೊಲ್ಲು ಸುರಿಸ್ಕೋತ ಬಂದವನ ಅಂಗಿ ಹಂಗೇ ಇರ್ತೈತಿ, ವಿಷ ಚರ್ಮದಿಂದ ಇನ್ನೂ ಒಳಗ ಇಳೀತಿರ್ತೈತಿ, ಜೋಡಿ ಬಂದವರು ಮಾತ್ರ ಹೊಟ್ಟಿ ತೊಳಿರಿ ಹೊಟ್ಟಿ ತೊಳಿರಿ ಅಂತಿರ್ತಾರ. ಅಂಥವನ ಅಂಗಿ ಪ್ಯಾಂಟು ಬಿಚ್ಚಿಸಿ, ಕೂದಲು ಉಗುರು ಸಹಿತ ಸಬಕಾರ ಹಚ್ಚಿ ನೀರು ಹೊಯ್ಯಬೇಕು, ಹೊಯ್ಯೋವ್ರು ಕೈಗವಸು ಇಲ್ಲಾ ಪ್ಲಾಸ್ಟಿಕ್ ಚೀಲನಾದ್ರೂ ಹಾಕ್ಕೋಬೇಕು. ಇದು ಮಾತ್ರ ಅಪ್ಪಟ ಕ್ಲೀನಿಂಗ್, ನಳದ ನೀರು ಸಬಕಾರ ಸಾಕು.

ಹಲ್ಲು ಕ್ಲೀನ್ ಮಾಡಿಸಿದ್ರ ಸಡಿಲ ಆಗ್ತಾವ ಅನ್ನೋದು ಸುಳ್ಳು, ಹಲ್ಲಿಗೆ ಕಟ್ಟಿದ ಗಾರಿ ತೆಗದಾಗ ಸಂದು ಕಾಣಸ್ತೈತಿ ಅಷ್ಟೇ. ಆದ್ರ ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯಿಂದ ಕಂದುಗಟ್ಟಿದ ಹಲ್ಲಿನ ಹುಡುಗರು ಲಗ್ನ ಗೊತ್ತಾದ ಮ್ಯಾಲ ಬರ್ತಾರ, ಕ್ಲೀನ್ ಮಾಡಿಸ್ರಿ ಅಂತ. ಅದು ಗುಟ್ಕಾದ ಕಲೆ ಅಲ್ಲ, ಹೊಲಸೂ ಅಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಸಣ್ಣವರಿದ್ದಾಗ, ಹಲ್ಲು ಒಳಗ ತಯಾರಾಗೋ ಹೊತ್ತಿನಾಗ ಕುಡದ್ರ ಬಣ್ಣ ಹಲ್ಲಿನೊಳಗೇ ಸೇರಿರ್ತೈತಿ, ಎಷ್ಟು ತಿಕ್ಕಿದ್ರೂ ಹೋಗಲ್ಲ. ನೀರು ಕುದಿಸಿದ್ರೂ ಫ್ಲೋರೈಡ್ ಹೋಗಲ್ಲ, ನೀರು ಆವಿ ಆದಷ್ಟು ಅದು ದಪ್ಪ ಆಗ್ತೈತಿ. ಪಾಪ ಆ ಹುಡುಗರನ್ನ ಹಲ್ಲು ತಿಕ್ಕೋದಿಲ್ಲೇನು ಅಂತ ಸಾಲಿಯಾಗ ಎಲ್ಲಾರೂ ಬೈದಿರ್ತಾರ.

ಕಿವಿ ಕ್ಲೀನ್ ಬಗ್ಗೆ ಹೇಳೋದು ಒಂದೇ, ಬೈಕ್ ಚಾವಿ ಹಾಕಬ್ಯಾಡ್ರಿ. ಕಣ್ಣಿನ ಪರಿ ಆಪರೇಷನ್ ಆಗಿ ವರ್ಷೆರಡು ವರ್ಷಕ್ಕ ಮತ್ತ ಮಂಜಾದ್ರ ‘ಲೆನ್ಸ್ ಕ್ಲೀನ್ ಮಾಡ್ತಾರ’ ಅಂತಾರಲ್ಲ, ಅಲ್ಲಿ ಲೆನ್ಸ್ ಒರಸಲ್ಲ, ಅದರ ಹಿಂದಿನ ತೆಳು ಪರದಿಗೆ ಲೇಸರ್‌ನಿಂದ ಕಿಂಡಿ ಮಾಡ್ತಾರ.

ರಿಪೋರ್ಟ್ ಕ್ಲೀನ್ ಅನ್ನೋದಕ್ಕ ಮಾತ್ರ ಒಂದು ಹಳೇ ಕತಿ ಐತಿ. ಹಿಂದ ಹಡಗು ಬಂದರು ಬಿಡೋವಾಗ ಆ ಊರಾಗ ಪ್ಲೇಗು ಕಾಲರಾ ಇಲ್ಲ ಅಂತ ಒಂದು ಕಾಗದ ಕೊಡ್ತಿದ್ರು, ಅದಕ್ಕ ಕ್ಲೀನ್ ಬಿಲ್ ಆಫ್ ಹೆಲ್ತ್ ಅಂತಿದ್ರು. ಬಿಟ್ಟು ಬಂದ ಊರಿನ ಸುದ್ದಿ ಅದು, ದಾರಿಯೊಳಗ ಹಡಗಿನಾಗ ಯಾರಿಗರ ಜ್ವರ ಬಂದ್ರ ಕಾಗದಕ್ಕೇನು ಗೊತ್ತು. ಹೋದ ವರ್ಷದ ಇಸಿಜಿ ಲ್ಯಾಮಿನೇಷನ್ ಮಾಡಿಸಿ ಇಟ್ಕೊಂಡು ಈಗ ಎದಿನೋವು ಬಂದ್ರೂ ಗ್ಯಾಸ್ ಗುಳಿಗಿ ನುಂಗೋರನ್ನ ನೋಡಿದಾಗೆಲ್ಲಾ ನಂಗ ಆ ಹಡಗು ನೆನಪಾಗ್ತೈತಿ.

ನಮ್ಮ ದವಾಖಾನಿ ಸಿಸ್ಟರಿಗೆ ಈಗ ತಾಕೀತು ಮಾಡೀನಿ, ಯಾರೇ ಬಂದು ಕ್ಲೀನ್ ಅಂದ್ರ ಏನು, ಯಾವಾಗ, ಎಲ್ಲಿ, ಮೂರೂ ಕೇಳಿ ಬರಕೋ ಅಂತ. ಹೋದ ಗುರುವಾರ ಒಬ್ಬ ಯಜಮಾನ್ರು ಬಂದು ‘ಕ್ಲೀನ್ ಮಾಡಾಕ ಬಂದೀನಿ’ ಅಂದಾರ. ಈಕಿ ಪೆನ್ ಹಿಡ್ಕೊಂಡು ‘ಏನ್ ಕ್ಲೀನ್ ಆಗಬೇಕ್ರಿ, ಹಲ್ಲೋ ಕಿವಿಯೋ ಹೊಟ್ಟಿಯೋ, ಎಷ್ಟು ದಿನ ಆತು’ ಅಂತ ಶುರು ಮಾಡ್ಯಾಳ, ಬಿಪಿ ಪಟ್ಟಿನೂ ತೋಳಿಗೆ ಸುತ್ತಿ ಆಗಿತ್ತು. ಅವರು ‘ಎರಡು ತಿಂಗಳಾತವ್ವ, ಬಾಯಿ ಬ್ಯಾರೆ ಸಣ್ಣದೈತಿ, ಒಳಗ ಇಳದೇ ತಿಕ್ಕಬೇಕು’ ಅಂದಾಗ ಈಕಿ ಗಾಬರಿ ಆಗಿ ನನ್ನ ಕರಕೊಂಡು ಬಂದ್ಲು. ಮ್ಯಾಲಿನ ನೀರಿನ ಟಾಕಿ ತೊಳಿಯಾಕ ನಾನೇ ಹೇಳಿ ಕಳಿಸಿದ್ದೆ.