ಅನ್ನನಾಳದ ಜಾಗಕ್ಕೆ ದೊಡ್ಡಕರುಳು ಬಂದ ಕಥೆ

ಹೊಸನಗರ, ತೀರ್ಥಹಳ್ಳಿ ಕಡೆ ರಬ್ಬರ್ ಹಾಕಿದವರ ಮನೆಯಲ್ಲಿ ಫಾರ್ಮಿಕ್ ಆಸಿಡ್ ಇದ್ದೇ ಇರುತ್ತದೆ. ರಬ್ಬರ್ ಹಾಲು ಹೆಪ್ಪುಗಟ್ಟಲು ಅದು ಬೇಕು. ನೋಡಲು ಥೇಟ್ ನೀರು. ಹಳೇ ನೀರಿನ ಬಾಟಲಿಗೆ ಸುರಿದಿಟ್ಟರಂತೂ ಮುಗಿಯಿತು, ಅನಾಹುತಕ್ಕೆ ಒಂದು ಗುಟುಕು ಸಾಕು. ಟಾಯ್ಲೆಟ್ ತೊಳೆಯುವ ಆಸಿಡ್ಡಿನದೂ ಇದೇ ಹಾಡು. ಸುಟ್ಟ ಅನ್ನನಾಳ ಮಾಯುತ್ತಾ ಮಾಯುತ್ತಾ ಕಿರಿದಾಗುತ್ತದೆ. ಮೊದಲು ರೊಟ್ಟಿ ಇಳಿಯುವುದಿಲ್ಲ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಇಲ್ಲ. ಎಂಡೋಸ್ಕೋಪಿಯಲ್ಲಿ ಮತ್ತೆ ಮತ್ತೆ ಹಿಗ್ಗಿಸಿಯೂ ಸೋತಾಗ ಹೊಸ ನಾಳದ ಮಾತು ಬರುತ್ತದೆ. ಆದರೆ ಗಾಯ ಪೂರ್ತಿ ಮಾಯ್ದು ಗಟ್ಟಿಯಾಗುವವರೆಗೆ ಕೈಹಾಕುವಂತಿಲ್ಲ. ಅಷ್ಟು ತಿಂಗಳೂ ಹೊಟ್ಟೆಗೆ ಹಾಕಿದ ಟ್ಯೂಬಿನಲ್ಲೇ ಊಟ.

1907ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಸೀಸರ್ ರೂ ಅನ್ನನಾಳದ ಬದಲಿಗೆ ಸಣ್ಣಕರುಳಿನ ತುಂಡನ್ನು ಎದೆಯ ಚರ್ಮದಡಿಯಿಂದ ಮೇಲಕ್ಕೆ ತಂದರು. ಅದರ ರಕ್ತನಾಳಗಳು ಕುತ್ತಿಗೆಯವರೆಗೆ ಎಟುಕುವುದು ಕಷ್ಟ. 1911ರಲ್ಲಿ ಕೆಲ್ಲಿಂಗ್ ಮತ್ತು ವುಲ್ಲಿಯೆ ಎಂಬ ಇಬ್ಬರು ಶಸ್ತ್ರವೈದ್ಯರು ಬೇರೆಬೇರೆಯಾಗಿ ದೊಡ್ಡಕರುಳನ್ನು ಆರಿಸಿಕೊಂಡರು. ಉದ್ದ ಸಿಗುತ್ತದೆ, ಜಠರದ ಆಮ್ಲವನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಆದರೆ ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಅಷ್ಟು ಬ್ಯಾಕ್ಟೀರಿಯಾ ತುಂಬಿದ ಕರುಳನ್ನು ಎದೆಗೆ ತರುವುದು ಪ್ರಾಣದ ಜತೆ ಆಟವೇ. ಇದು ನಿಜವಾಗಿ ನೆಲೆ ನಿಂತದ್ದು 1950ರ ನಂತರ. 1965ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಬೆಲ್ಸಿ ಎಡಭಾಗದ ದೊಡ್ಡಕರುಳಿನ ಪರ ವಾದಿಸಿದರು.

ಈಗ ಅನ್ನನಾಳದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಜಠರವನ್ನೇ ಮೇಲಕ್ಕೆಳೆಯುತ್ತಾರೆ. ಅಲ್ಲಿ ಹೊಲಿದು ಜೋಡಿಸುವುದು ಒಂದೇ ಕಡೆ, ದೊಡ್ಡಕರುಳಾದರೆ ಮೂರು ಕಡೆ. (ಎಲೆಯಡಿಕೆ-ಹೊಗೆಸೊಪ್ಪಿನಿಂದ ಅನ್ನನಾಳದ ಕ್ಯಾನ್ಸರೂ ಬರುತ್ತದೆ ಅನ್ನುವುದನ್ನು ಅಡಿಕೆಯ ನಾಡಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.) ಆಸಿಡ್ ಕುಡಿದವರ ಜಠರವೂ ಹೆಚ್ಚಾಗಿ ಸುಟ್ಟಿರುತ್ತದಲ್ಲ, ಅಂಥವರಿಗೆ ಬಹುಪಾಲು ದೊಡ್ಡಕರುಳೇ ಗತಿ.

ಫಲಿತಾಂಶವೇನು? ಮೊದಲ ದಿನಗಳ ಭಯ ರಕ್ತಸಂಚಾರದ್ದು. ತುಂಡು ಕಪ್ಪಾದರೆ ತೆಗೆದುಹಾಕಲೇಬೇಕು. ಪಳಗಿದ ಕೈಗಳಲ್ಲಿ ಇದು ಅಪರೂಪ. ಹೆಚ್ಚಾಗಿ ಕಾಡುವುದು ಕುತ್ತಿಗೆಯ ಜೋಡಣೆ: ಹೊಲಿಗೆಯಿಂದ ಜೊಲ್ಲು ಸೋರುತ್ತದೆ, ಬಹುಪಾಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಅದೇ ಜಾಗ ಬಿಗಿಯಾಗಿ ಮತ್ತೆ ಹಿಗ್ಗಿಸಬೇಕಾಗುತ್ತದೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರಿಗೆ ಮಳೆಗಾಲದಲ್ಲಿ ಈ ಓಡಾಟವೇ ಇನ್ನೊಂದು ಕಾಯಿಲೆ.

ರೋಗಿ ಬದುಕುಳಿದ, ಬಾಯಲ್ಲಿ ಉಣ್ಣುತ್ತಾನೆ ಎಂದ ಕೂಡಲೇ ಯಶಸ್ಸು ಎಂದು ಬರೆದುಬಿಡುವುದು ನನಗೆ ಅವಸರ ಅನ್ನಿಸುತ್ತದೆ. ಈ ನಾಳ ಅನ್ನನಾಳದಂತೆ ತುತ್ತನ್ನು ನೂಕುವುದಿಲ್ಲ, ತುತ್ತು ಬಹುತೇಕ ತನ್ನ ಭಾರದಿಂದಲೇ ಇಳಿಯಬೇಕು. ಮದುವೆ ಪಂಕ್ತಿಯಲ್ಲಿ ಎಲ್ಲರೂ ಮಜ್ಜಿಗೆಗೆ ಬಂದಾಗ ಇವರಿನ್ನೂ ಸಾರಿನಲ್ಲೇ ಇರುತ್ತಾರೆ. ರಾತ್ರಿ ಬೇಗ ಉಂಡು, ತಲೆ ಎತ್ತರಿಸಿ ಮಲಗದಿದ್ದರೆ ತಿಂದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೂ ಇಳಿಯಬಹುದು. ವರ್ಷಗಳು ಕಳೆದಂತೆ ಕರುಳು ಜೋಲಿ ಬಾಗಿ, ಅಲ್ಲಿ ಅನ್ನ ನಿಂತು, ಕೆಲವರಿಗೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಅಷ್ಟಾದರೂ ಬಹಳ ಮಂದಿ ಟ್ಯೂಬ್ ಕಳಚಿ ಮನೆಯೂಟಕ್ಕೆ ಮರಳುತ್ತಾರೆ. ಎದೆಯಲ್ಲಿದ್ದರೂ ಅದು ದೊಡ್ಡಕರುಳೇ ಆದ್ದರಿಂದ, ದಶಕಗಳ ಮೇಲೆ ಅಪರೂಪಕ್ಕೆ ಅದರಲ್ಲಿ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಗಂಟು), ಕ್ಯಾನ್ಸರ್ ಕಂಡದ್ದೂ ಉಂಟು. ಆ ತಪಾಸಣೆಗೆ ಕ್ಯಾಮೆರಾ ಬಾಯಿಂದಲೇ ಇಳಿಯಬೇಕು.